ಮೂವತ್ತೆಂಟು ಸೆಕೆಂಡು

ಏಪ್ರಿಲ್ ೩, ೨೦೨೫. ಹೊನ್ನಾವರ

ಬೆಳಿಗ್ಗೆ ಸಂಪಾದಕರಿಗೆ ಪತ್ರ ಬರೆದೆ. ನನ್ನ ಹೋದ ವಾರದ ಪತ್ರವನ್ನು ಅರ್ಧಕ್ಕೆ ಕತ್ತರಿಸಿ ಹಾಕಿದ್ದಾರೆ. ಪಹಣಿಯಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರೇ ಕಾಣುವುದಿಲ್ಲ ಎಂದು ೧೯೯೮ರಿಂದ ಬರೆಯುತ್ತಿದ್ದೇನೆ. ಅವರು ಕತ್ತರಿಸುವುದು ಇದು ಮೂರನೆಯ ಸಲ. ಈ ಸಲ ಮುಖ್ಯವಾದ ಭಾಗವನ್ನೇ ತೆಗೆದಿದ್ದಾರೆ. ಒಬ್ಬ ಮನುಷ್ಯ ಹೇಳುವುದನ್ನು ಕೊನೆಯವರೆಗೆ ಕೇಳುವ ತಾಳ್ಮೆ ಈಗ ಯಾರಿಗೂ ಉಳಿದಿಲ್ಲ ಎಂದು ಬರೆದೆ. ಪತ್ರ ಚೆನ್ನಾಗಿ ಬಂದಿದೆ.

ಹತ್ತೂವರೆಗೆ ಮಾವಳ್ಳಿಯಿಂದ ನಾಗು ಬಂದಳು, ಎರಡು ಕಟ್ಟು ಹರಿವೆ ಸೊಪ್ಪು ಹಿಡಿದುಕೊಂಡು. ಬಂಗಾರಿಯ ಸೊಸೆ. ನನ್ನ ಹಾಡಿನ ಸಂಗ್ರಹಕ್ಕಾಗಿ ೨೦೦೮ರ ಡಿಸೆಂಬರಿನಲ್ಲಿ ಬಂಗಾರಿ ಮೂರು ದಿನ ಹಾಡು ಹೇಳಿದ್ದಳು. ಹೋದ ಆಷಾಢದಲ್ಲಿ ತೀರಿಕೊಂಡಳಂತೆ. ನನಗೆ ಯಾರೂ ಸುದ್ದಿ ಕೊಡಲಿಲ್ಲ.

"ಮಾಸ್ತರ್ರೇ, ಧನ್ಯಾಂದು ಮದಿ ಗೊತ್ತಾತು. ಮೇ ಹನ್ನೊಂದಕ್ಕೆ."

"ಯಾವ ಧನ್ಯಾ?"

"ನನ್ನ ಮಗ್ಳು. ನೀವು ಬಂದಾಗ ನಿಮ್ಮ ಪೆನ್ನು ತಕಂಡು ಓಡಿತ್ತಲ್ರಾ, ಅದೇ."

ಅವಳಿಗೆ ಬೇಕಾದದ್ದು ಬೀಜದ ಹಾಡು. ಹೆಣ್ಣು ಮನೆ ಬಿಟ್ಟು ಹೊರಡುವಾಗ ತವರಿನ ಹೆಂಗಸರು ಹೊಸಿಲ ಬಳಿ ಹೇಳುವ ಹಾಡು. ಹಿಂದೆ ಆ ಮನೆಯಿಂದ ಮದುವೆಯಾಗಿ ಹೋದವರ ಹೆಸರು ಅದರಲ್ಲಿ ಒಂದೊಂದಾಗಿ ಬರುತ್ತದಂತೆ. ಯಾರು, ಯಾವ ಊರಿಗೆ, ಮಡಿಲಲ್ಲಿ ಯಾವ ತರಕಾರಿಯ ಬೀಜ ಕಟ್ಟಿಕೊಂಡು ಹೋದರು ಎಂದು. ಕೊನೆಗೆ ಈಗ ಹೊರಟವಳ ಹೆಸರು ಸೇರಿಸುವುದು. ಮದುವೆಯಿಲ್ಲದ ದಿನ ಅದನ್ನು ಬಾಯಿಗೆ ತರಬಾರದು. ಬಂಗಾರಿಗೆ ಇಬ್ಬರೂ ಗಂಡುಮಕ್ಕಳು. ಹಾಗಾಗಿ ನಾಗು ಆ ಮನೆ ಸೇರಿ ಇಪ್ಪತ್ತೈದು ವರ್ಷವಾದರೂ ಆ ಹಾಡನ್ನು ಒಮ್ಮೆಯೂ ಕೇಳಿಲ್ಲ.

"ಅತ್ತಿ ಅದ್ನ ಹೇಳ್ದ ದಿನ ನಾನು ಗದ್ದೆ ಕೆಲ್ಸಕ್ಕೆ ಹೋಗಿದ್ದೆ. ಕೊನೀಗೆ ಅತ್ತಿ ಹಾಸ್ಗಿ ಹಿಡ್ದಾಗ ಕೇಳ್ದೆ. 'ಎಂತಕ್ಕೆ ಹೆದರ್ತೆ, ಮಾಸ್ತರ್ರ ಕ್ಯಾಮ್ರದಲ್ಲಿ ಹಾಕಿಟ್ಟಿದ್ದೆ' ಅಂತು. ಒಂಬತ್ತು ಹೆಸ್ರು ಅದ್ಯಂತೆ. ಅದ್ರಲ್ಲಿ ಒಂದು—"

ಅವಳ ಮಾತು ಮುಗಿಯುವ ಮೊದಲೇ ನಾನು ಹೇಳಿದೆ: "ಇದೆ ಇದೆ. ಎಲ್ಲಾ ಇದೆ."

ಏಪ್ರಿಲ್ ೪

ಇಲ್ಲ. ಸಿ.ಡಿ.ಯಲ್ಲಿ ಬರೀ ಫೋಟೋಗಳಿವೆ.

ಆಗ ನನ್ನ ಟೇಪ್ ರೆಕಾರ್ಡರ್ ಕೆಟ್ಟಿತ್ತು. ಹೊಸ ಕ್ಯಾಮೆರಾದಲ್ಲಿ ಒಂದು ಅನುಕೂಲವಿತ್ತು: ಫೋಟೋ ತೆಗೆದ ಮೇಲೆ ಅದಕ್ಕೆ ಒಂದು ನಿಮಿಷದ ಧ್ವನಿ ಸೇರಿಸಬಹುದು. ನಾನು ಅದನ್ನೇ ಬಳಸಿದೆ. ಒಂದು ನಿಮಿಷ ಮುಗಿದ ತಕ್ಷಣ ಇನ್ನೊಂದು ಫೋಟೋ ತೆಗೆದು ಮುಂದಿನ ನಿಮಿಷ. ಬಂಗಾರಿಯ ಅರವತ್ತನಾಲ್ಕು ಫೋಟೋಗಳಿವೆ, ಹೆಚ್ಚಿನವು ಬಾಯಿ ತೆರೆದವು. ಅವನ್ನೆಲ್ಲ ಸಿ.ಡಿ.ಗೆ ಹಾಕಿಕೊಡಲು ಕುಮಟೆಯ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. ಅವನು ಫೋಟೋ ಹಾಕಿ ಧ್ವನಿ ಬಿಟ್ಟಿದ್ದಾನೆ. ಹದಿನಾರು ವರ್ಷ ಆ ಸಿ.ಡಿ.ಯನ್ನು ನಾನು ಕಪಾಟಿನಿಂದ ತೆಗೆದು ನೋಡಿಲ್ಲ ಎಂಬುದು ಬೇರೆ ಮಾತು. ಹಣ ಪಡೆದವನು ಕೆಲಸ ಪೂರ್ತಿ ಮಾಡಬೇಕಿತ್ತು. ಆ ಸ್ಟುಡಿಯೋ ಈಗ ಇಲ್ಲ, ಇದ್ದಿದ್ದರೆ ಹೋಗಿ ಕೇಳುತ್ತಿದ್ದೆ.

ಕ್ಯಾಮೆರಾ ಗೋದ್ರೇಜಿನ ಒಳಗೇ ಇತ್ತು. ಬ್ಯಾಟರಿ ಉಬ್ಬಿಹೋಗಿದೆ. ಒಳಗಿನ ಕಾರ್ಡು ಈಗ ಯಾವ ಅಂಗಡಿಯಲ್ಲೂ ಓದಿಸಲು ಬಾರದ ಜಾತಿಯದು.

ಏಪ್ರಿಲ್ ೬

ನಾಗುವಿನ ಫೋನು. ಪರಿಸ್ಥಿತಿ ವಿವರಿಸಿದೆ. ಆ ಹಾಡು ಪೂರ್ತಿ ಸಿಗುವುದು ಅನುಮಾನ ಎಂದೂ ಹೇಳಿದೆ. ನನಗೆ ಸ್ಪಷ್ಟವಾಗಿ ನೆನಪಿದೆ: ಆ ದಿನ ಸಂಜೆ ಜಗಲಿಯಲ್ಲಿ ಬಂಗಾರಿ ಹೇಳುತ್ತಿದ್ದಾಗ ನಿಮಿಷ ಮುಗಿದು ಕ್ಯಾಮೆರಾ ತಾನಾಗಿ ನಿಂತಿತು, ಆಮೇಲೆ ಬ್ಯಾಟರಿಯೂ ಹೋಯಿತು. ಮನುಷ್ಯನಿಗೆ ಹೇಳಲು ಒಂದು ನಿಮಿಷ ಸಾಕು ಎಂದು ತೀರ್ಮಾನಿಸಿದವರು ಯಾರು ಎಂದು ಕ್ಯಾಮೆರಾ ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಿಟ್ಟೆ. ವಿಳಾಸ ಹುಡುಕಬೇಕು.

"ಆತು ಮಾಸ್ತರ್ರೇ, ಇದ್ದಷ್ಟು ಕೊಡಿ" ಎಂದಳು ನಾಗು.

ಏಪ್ರಿಲ್ ೭

ಭಟ್ಕಳಕ್ಕೆ ಹೋಗಿ ಬಂದೆ. ಹಳೇ ಬಸ್ ನಿಲ್ದಾಣದ ಹಿಂದೆ ಗಲ್ಫ್ ಸಾಮಾನಿನ ಸಣ್ಣ ಅಂಗಡಿ. ಮುದುಕ ಸಾಹೇಬರು ಮೂರು ಡಬ್ಬ ತಡಕಾಡಿ ಬ್ಯಾಟರಿ ತೆಗೆದರು, ಅದರ ವಯರನ್ನೂ. "ಮಾಸ್ಟರ್ ಸಾಬ್, ಇದನ್ನು ಕೇಳಿಕೊಂಡು ಹತ್ತು ವರ್ಷದಲ್ಲಿ ಬಂದವರು ನೀವೊಬ್ಬರೇ. ಮ್ಯೂಸಿಯಮ್ಮಿಗಾ?" ಎಂದರು. ಬಿಸಿಲು ವಿಪರೀತ.

ಏಪ್ರಿಲ್ ೯. ಕುಮಟೆ ಹೋಗಿ ಬಂದು

ರೇಖಾಳ ಅಂಗಡಿಗೆ ಹೋಗಿದ್ದೆ. ಕಂಪ್ಯೂಟರ್ ರಿಪೇರಿ, ಝೆರಾಕ್ಸು, ಅರ್ಜಿ ತುಂಬಿಸುವುದು, ಎಲ್ಲವೂ ಒಂದೇ ಕೋಣೆಯಲ್ಲಿ. ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಈಗ ಅವಳಿಗೂ ಕನ್ನಡಕ ಬಂದಿದೆ.

ಕ್ಯಾಮೆರಾ ಜೋಡಿಸಿದಾಗ ಪರದೆಯ ಮೇಲೆ ಅರವತ್ತನಾಲ್ಕು ಫೋಟೋ ಬಂದವು. ಧ್ವನಿ ಇಲ್ಲ. ನಾನು ಸ್ಟುಡಿಯೋದವನಿಂದ ಹಿಡಿದು ಜಪಾನಿನವರೆಗೆ ಎಲ್ಲರನ್ನೂ ಬೈದೆ. ಆಧಾರ್ ಝೆರಾಕ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು.

"ಸರ್, ಒಂದ್ನಿಮಿಷ ನನ್ನ ಮಾತು ಕೇಳ್ತ್ರಾ?" ಎಂದಳು ರೇಖಾ. "ಇದು ಫೋಟೋ ನೋಡೂ ಪ್ರೋಗ್ರಾಂ. ಅದಕ್ಕೆ ಫೋಟೋ ಬಿಟ್ರೆ ಬೇರೆ ಎಂತದೂ ಕಾಣೂದೇ ಇಲ್ಲ. ನಿಮ್ಮ ಸ್ಟುಡಿಯೋದವನಿಗೂ ಹಿಂಗೇ ಆಗಿರ್ತದೆ, ಪಾಪ. ಈಗ ಕ್ಯಾಮೆರಾನೇ ಒಂದು ಫೋಲ್ಡರ್ ಹಾಂಗೆ ತೆರೀತೇನೆ, ನೋಡಿ."

ಆ ಪ್ರೋಗ್ರಾಂ ಮುಚ್ಚಿ, ಪರದೆಯಲ್ಲೇ ತೆರೆದ ಕಪ್ಪು ಕಿಟಕಿಯೊಂದರಲ್ಲಿ ಒಂದು ಸಾಲು ಟೈಪು ಮಾಡಿದಳು. ಪರದೆಯ ಮೇಲೆ ಹೊಸದೊಂದು ಫೋಲ್ಡರ್ ಬಂತು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕೊನೆಗೆ ಸಾಲಾಗಿ ಹೆಸರುಗಳು. ಪ್ರತಿ ಫೋಟೋದ ಕೆಳಗೆ ಅದೇ ಸಂಖ್ಯೆಯ ಇನ್ನೊಂದು ಕಡತ. ಅವೇ ಧ್ವನಿಗಳು. ಹದಿನಾರು ವರ್ಷ ಅಲ್ಲಿಯೇ ಇದ್ದವು.

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಒಂದು ಮಾತು ಸರ್. ಇದು ನಮ್ಮ ಕಂಪ್ಯೂಟರಿಗೆ ಬಂದದ್ದಲ್ಲ. ಕ್ಯಾಮೆರಾದೊಳಗೇ ಕೈ ಹಾಕಿದ ಹಾಂಗೆ. ಇಲ್ಲಿ ಅಳಿಸಿದ್ರೆ ಅಲ್ಲೇ ಅಳಿದೋಗ್ತದೆ. ಹಂಗಾಗಿ ಮೊದ್ಲು ಒಂದು ನಕಲು—"

"ನಕಲು ಬೇಡ" ಎಂದೆ. ೨೦೧೧ರಲ್ಲಿ ಒಬ್ಬ ಉಪನ್ಯಾಸಕ ನನ್ನ ಇಪ್ಪತ್ತು ಹಾಡುಗಳನ್ನು ನನ್ನ ಹೆಸರು ಹೇಳದೆ ಬಳಸಿಕೊಂಡದ್ದು ಮರೆತಿಲ್ಲ. ಕೇಳಿ ಆರಿಸಿ, ಆಮೇಲೆ ನಕಲು.

"ಆತು. ನಿಮ್ಮಿಷ್ಟ" ಎಂದಳು. ಹುಬ್ಬು ಏರಿಸಿದ್ದನ್ನು ನೋಡಿದೆ.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತೆರಡು ಕೇಳಿದೆ. ಕುಟ್ಟುವ ಹಾಡು, ನೆಟ್ಟಿಯ ಹಾಡು, ಮಗುವನ್ನು ಮಲಗಿಸುವುದು. ಎಂತಹ ಕಂಠ. ಹಿಂದೆ ಕೋಳಿ, ಯಾರೋ ನೀರು ಸೇದುವ ಸದ್ದು. ಕ್ಯಾಮೆರಾವನ್ನು ರೇಖಾಳ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿಸಿ ಬಂದೆ.

ಏಪ್ರಿಲ್ ೧೧

ಸಿಕ್ಕಿತು. ನಲವತ್ತೇಳನೆಯದು.

ಮೂವತ್ತೆಂಟು ಸೆಕೆಂಡು.

ಮೂರು ಸಲ ಕೇಳಿದೆ. ಮೊದಲು ಬಂಗಾರಿ ಹೇಳುತ್ತಾಳೆ, "ಮದಿ ಇಲ್ದೇ ಇದ್ನ ಹೇಳೂಕಾಗ ಮಾಸ್ತರ್ರೇ. ನೀವು ಕೇಳ್ತ್ರಿ ಅಂತ ಹೇಳ್ತೆ." ಆಮೇಲೆ:

ಹೊಸಿಲಾಗೆ ನಿಂತೀಯ ತಂಗೀ, ಹೊಸ ಸೀರೆ ಉಟ್ಟೀಯ,
ಹಿಂದೇಕೆ ತಿರುಗೀ ನೋಡೀಯ.
ದೊಡ್ಡ ದುರ್ಗಿ ಹೋದಾಳು ಕರ್ಕಿಯ ಬಯಲೀಗೆ
ಮಡಿಲಾಗೆ ಬದನೆಯ ಬೀಜ.
ಅವಳ ತಂಗೀ...

ಅಲ್ಲಿ ಗಂಡಸಿನ ದನಿ. "ಸಾಕು, ಸಾಕು. ಇದು ಗೇರುಸೊಪ್ಪೆ ಕಡೆ ಸಿಕ್ಕಿದೆ. ಬೇರೆ ಹೇಳು."

ನನ್ನದೇ.

ಕ್ಯಾಮೆರಾ ನಿಂತದ್ದಲ್ಲ. ಇನ್ನೂ ಇಪ್ಪತ್ತೆರಡು ಸೆಕೆಂಡು ಉಳಿದಿದ್ದವು. ಬ್ಯಾಟರಿಯೂ ಹೋಗಿರಲಿಲ್ಲ, ನಲವತ್ತೆಂಟನೆಯದು ಐದೇ ನಿಮಿಷದ ನಂತರದ್ದು, ಒಂದು ಒಗಟು. ಗೇರುಸೊಪ್ಪೆ ಕಡೆಯ ಹಾಡಿಗೆ ಮೊದಲ ಎರಡು ಸಾಲು ಇದೇ. ಆಮೇಲಿನದು ಅಲ್ಲ. ಅದಕ್ಕೆ ಕಿವಿಗೊಟ್ಟಿದ್ದರೆ ತಿಳಿಯುತ್ತಿತ್ತು.

ಮತ್ತೆ "ಹೇಳು" ಎಂದದ್ದು. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವರು ಅವರು. ಅವರು ನನ್ನನ್ನು "ನೀವು" ಎನ್ನುತ್ತಿದ್ದರು.

ರೇಖಾ ಬ್ಯಾಂಕಿಗೆ ಹೋಗಿದ್ದಳು. ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ನಲವತ್ತೇಳರ ಮೇಲೆ ನೀಲಿ ಗೆರೆ ಬಂದಿತ್ತು. ಇಲ್ಲಿ ಅಳಿಸಿದರೆ ಅಲ್ಲೇ ಅಳಿದುಹೋಗುತ್ತದೆ. ಕಾರ್ಡು ಹಾಳಾಗಿತ್ತು ಎಂದರೆ ಮುಗಿಯಿತು, ನಾಗು ನಂಬುತ್ತಾಳೆ. ಹೇಗೂ ತಪ್ಪನ್ನು ಕ್ಯಾಮೆರಾದ ಮೇಲೆ ಹಾಕಿ ಆಗಿದೆ. ಬೆರಳು ಅಳಿಸುವ ಗುಂಡಿಯ ಮೇಲೆ ಎಷ್ಟು ಹೊತ್ತು ಇತ್ತೋ.

ರೇಖಾ ಬಂದಾಗ ಎದ್ದು ಹೊರಟೆ. "ಆತಾ ಸರ್?" ಎಂದಳು. ಬಸ್ಸು ಬಂತು ಎಂದೆ. ಬಸ್ಸು ಬಂದಿರಲಿಲ್ಲ.

ಏಪ್ರಿಲ್ ೧೩

ನಾಗುವಿನ ಫೋನು ಎರಡು ಸಲ ಬಂತು. ಎತ್ತಲಿಲ್ಲ. "ಎಂತಕ್ಕೆ ಎತ್ತೂದಿಲ್ಲ?" ಎಂದು ಹೆಂಡತಿ ಕೇಳಿದಳು. ತಲೆನೋವು ಎಂದೆ.

ಏಪ್ರಿಲ್ ೧೬

ಮತ್ತೆ ಕುಮಟೆಗೆ. ಎಲ್ಲದರ ನಕಲು ಮಾಡು ಎಂದೆ. "ಅಂತೂ ಹೇಳಿದ್ರಿ. ನಾನು ನಿದ್ದೆ ಮಾಡದೇ ಒಂದು ವಾರ ಆತು ನಿಮ್ಮ ಕ್ಯಾಮೆರಾ ಇಟ್ಕಂಡು" ಎಂದಳು ರೇಖಾ. ಆಮೇಲೆ ಕೇಳಿದೆ, ಧ್ವನಿಯಲ್ಲಿ ಕೊನೆಯ ತುಂಡು ತೆಗೆಯಲು ಬರುತ್ತದೆಯೇ ಎಂದು.

ಅವಳು ನಲವತ್ತೇಳನೆಯದನ್ನು ಹಾಕಿ ಕೇಳಿದಳು. ನನ್ನ ಮುಖ ನೋಡಲಿಲ್ಲ. ಪರದೆಯ ಮೇಲೆ ದನಿ ಗೆರೆಗಳಾಗಿ ಕಾಣುತ್ತದೆ, ಬಂಗಾರಿಯದು ಅಲೆಯ ಹಾಗೆ, ನನ್ನದು ಮೊಳೆ ಹೊಡೆದ ಹಾಗೆ. ಎರಡು ನಿಮಿಷದಲ್ಲಿ ಕತ್ತರಿಸಿದಳು. ಈಗ ಅದು ಮೂವತ್ತೆರಡು ಸೆಕೆಂಡು, "ಅವಳ ತಂಗೀ" ಎಂಬಲ್ಲಿ ಮುಗಿಯುತ್ತದೆ.

"ಹಳೇದನ್ನೂ ಪೆನ್ ಡ್ರೈವಿಗೆ ಹಾಕ್ತೆ ಸರ್. ಇರ್ಲಿ" ಎಂದಳು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಹೊರಡುವಾಗ ಹೇಳಿದಳು: "ನೆನಪದ್ಯಾ ಸರ್? ಎಂಟನೇ ಕ್ಲಾಸಲ್ಲಿ ನಾನು ಪದ್ಯ ಹೇಳ್ತಾ ಇದ್ದಾಗ ನೀವು ಅರ್ಧಕ್ಕೇ ಕೂರಿಸಿದ್ರಿ. ನಾನು ಖುಷಿಯಲ್ಲಿ ಕೂತೆ. ಉಳಿದರ್ಧ ಬರ್ತಿರ್ಲಿಲ್ಲ ನಂಗೆ." ನಕ್ಕಳು. ನನಗೆ ನೆನಪಿಲ್ಲ. ಹಾಗೆಯೇ ಹೇಳಿದೆ. ನೆನಪಿಲ್ಲ ಎಂದು ಯಾರಿಗಾದರೂ ಹೇಳಿದ್ದು ಇದೇ ಮೊದಲಿರಬೇಕು.

ಏಪ್ರಿಲ್ ೧೮. ಮಾವಳ್ಳಿ

ಬೆಳಿಗ್ಗೆಯ ಬಸ್ಸಿಗೆ ಹೋದೆ. ನಾಗು ಬಸಳೆ ಚಪ್ಪರದ ಕೆಳಗಿದ್ದಳು. ಅವಳ ಗಂಡ ಮಾಬ್ಲ ಮಡಿಗೆ ನೀರು ಬಿಡುತ್ತಿದ್ದ. ಧನ್ಯಾ ಒಳಗಿನಿಂದ ಲ್ಯಾಪ್‌ಟಾಪ್ ತಂದಳು. ಸಹಕಾರಿ ಸಂಘದಲ್ಲಿ ಕೆಲಸ ಅವಳಿಗೆ. ಎತ್ತರದ ಹುಡುಗಿ. ಜಗಲಿ ಅದೇ.

ಕತ್ತರಿಸಿದ್ದನ್ನು ಹಾಕಿಸಿದೆ.

ಬಂಗಾರಿಯ ದನಿ ಬಂದಾಗ ಮಾಬ್ಲ ಕಾಲು ತೊಳೆಯದೆ ಹಾಗೆಯೇ ಮೆಟ್ಟಿಲ ಮೇಲೆ ಕೂತ. ನಾಗು ಕಂಬಕ್ಕೆ ಒರಗಿ ನಿಂತಳು. "ಅವಳ ತಂಗೀ" ಎಂದು ನಿಂತಿತು. ಎಲ್ಲರೂ ಕಾದರು. ಮುಂದೇನೂ ಬರಲಿಲ್ಲ.

"ಮುಂದೆ?"

"ಅಷ್ಟೇ" ಎಂದೆ.

ನಾಗು ಮಾಬ್ಲನ ಕಡೆ ತಿರುಗಿ ಹೇಳಿದಳು: "ಅಂದ್ರೆ ಅತ್ತಿಗೆ ಬರ್ತಾನೇ ಇರ್ಲಿಲ್ಲ. ಮರ್ತ್ ಹೋಗಿತ್ತು ಅದ್ಕೆ. ಹೇಳೂಕೆ ನಾಚ್ಕೆ ಆಗಿ ಕ್ಯಾಮ್ರದಲ್ಲಿ ಹಾಕಿಟ್ಟಿದ್ದೆ ಅಂದದ್ದು. ಅದು ಸಾಯೂ ಹೊತ್ತಿಗೂ ನಾನು ನಂಬ್ಕಂಡು ಕೂತೆ."

ಮಾಬ್ಲ ತಲೆ ತಗ್ಗಿಸಿದ. ತಾಯಿಯ ಪರವಾಗಿ ಹೇಳಲು ಅವನಿಗೆ ಏನೂ ಇರಲಿಲ್ಲ. ಹೇಳಬಹುದಾದವನು ನಾನೊಬ್ಬನೇ.

"ಇನ್ನೊಂದಿದೆ, ಹಾಕು" ಎಂದೆ ಧನ್ಯಾಳಿಗೆ.

ನನ್ನ ದನಿ ಆ ಅಂಗಳದಲ್ಲಿ ಜೋರಾಗಿ ಕೇಳಿತು. ಸಾಕು, ಸಾಕು.

ಕ್ಯಾಮೆರಾ ನಿಂತದ್ದಲ್ಲ, ನಿಲ್ಲಿಸಿದವನು ನಾನು, ಕತ್ತರಿಸಿಕೊಂಡು ಬಂದವನೂ ನಾನು ಎಂದೆ. ಲ್ಯಾಪ್‌ಟಾಪಿನ ಹಿಂದೆ ಧನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. "ಆಯಿ, ಥೇಟ್ ಮಾಸ್ತರ್ರೇ!" ಎಂದಳು. ನಾಗು ಗದರಿದಳು.

"ಎಂಟು ಹೆಸ್ರು ಹೋತು" ಎಂದ ಮಾಬ್ಲ. "ನನ್ನ ಅಪ್ಪನ ಅಕ್ಕಂದು ಗೊತ್ತದೆ. ಯಾವ ಬೀಜ ತಕಂಡು ಹೋತು ಅಂತ ಗೊತ್ತಿಲ್ಲ. ಬೀಜ ಇಲ್ದೇ ಹೆಸ್ರು ಹೇಳೂಕಾಗ."

ನಾನು ಧನ್ಯಾಳಿಗೆ ಹೇಳಿದೆ, ಮದುವೆಗೆ ಕಲಿಯುವುದಾದರೆ ಮೊದಲು ಹಾಕಿದ್ದನ್ನು ಇಟ್ಟುಕೊಳ್ಳಿ, ಎರಡನೆಯದನ್ನು ಅಳಿಸಿಬಿಡಿ ಎಂದು.

"ಬ್ಯಾಡ" ಎಂದಳು ನಾಗು. "ಮೊದ್ಲಿಂದು ಅಳ್ಸು. ಮಾಸ್ತರ್ರೇ, ನಿಮ್ಮ 'ಸಾಕು' ತೆಗೆದ್ರೆ ಅತ್ತಿ ಮರ್ತಂಗೆ ಆತದೆ."

ಊಟ ಮಾಡಿಕೊಂಡೇ ಹೋಗಬೇಕು ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಮೊಗೆಕಾಯಿ ಹುಳಿ, ಅನ್ನ.

ಏಪ್ರಿಲ್ ೨೭. ಕರ್ಕಿ

ಮೂರನೆಯ ಸಲ ಕರ್ಕಿಗೆ. ದೊಡ್ಡ ದುರ್ಗಿ ಯಾವ ಮನೆಗೆ ಬಂದವಳು ಎಂದು ಬಯಲಿನ ಅಂಚಿನ ಮನೆಗಳಲ್ಲಿ ಕೇಳುತ್ತಿದ್ದೇನೆ. ಯಾರಿಗೂ ಗೊತ್ತಿಲ್ಲ. ನೂರು ವರ್ಷದ ಮೇಲಾಗಿರಬೇಕು. ಇವತ್ತು ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕೂರಿಸಿಕೊಂಡಳು. ತನ್ನ ಮಂಡಿ ನೋವು, ಮಂಡಿಗೆ ಕೊಟ್ಟ ಎಣ್ಣೆ, ಎಣ್ಣೆ ಕೊಟ್ಟವನ ಎರಡನೆಯ ಹೆಂಡತಿ, ಕಳೆದ ಮಳೆಗೆ ಬಿದ್ದ ಕೊಟ್ಟಿಗೆ. ಮಧ್ಯಾಹ್ನ ದಾಟಿತು. ಕೊಟ್ಟ ಚಹಾ ಆರಿಹೋಯಿತು. ಕೊಟ್ಟಿಗೆಯಿಂದ ಹಿತ್ತಲಿಗೆ ಬಂದು, ಹಿತ್ತಲ ಗಿಡದ ಲೆಕ್ಕ ಹೇಳುವಾಗ ನಡುವೆ ಬಂತು: "ಆ ಮೂಲೆಲಿ ಮಾವಳ್ಳಿ ಬದ್ನೆ."

"ಮಾವಳ್ಳಿ ಬದ್ನೆ ಅಂದರೆ?"

"ಅದ್ರ ಹೆಸ್ರೇ ಹಂಗೆ. ನನ್ನ ಅತ್ತಿನೂ ಹಂಗೇ ಹೇಳ್ತಿತ್ತು. ಉರುಟು, ಬಿಳಿ ಗೆರೆ. ಬೀಜ ಬೇಕಾ? ನೆಡೂಕೆ ಜಾಗ ಅದ್ಯಾ ನಿಮ್ಗೆ?"

ಯಾರು ತಂದರು ಎಂದು ಕೇಳಿದೆ. "ಯಾರೋ ತಂದ್ರು. ಹೆಣ್ಮಕ್ಳೇ ತಂದಿರ್ಬೇಕು, ಗಂಡಸ್ರು ಎಂತ ತಂದದ್ದು!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಹಳೇ ಪೇಪರಿನಲ್ಲಿ ಒಂದು ಚಿಟಿಕೆ ಬೀಜ ಕಟ್ಟಿಕೊಟ್ಟಳು.

ಮೇ ೨

ಬೀಜ ಮಾವಳ್ಳಿಗೆ ಮುಟ್ಟಿಸಿ ಬಂದೆ. ನಾಗು ಪೊಟ್ಟಣ ಬಿಚ್ಚಿ ಬೆರಳಲ್ಲಿ ಒತ್ತಿ ನೋಡಿದಳು. "ಹೌದು. ಇದು ನಮ್ಮಲ್ಲಿ ಈಗ ಇಲ್ಲ" ಎಂದಳು.

ಪೊಟ್ಟಣದ ಪೇಪರಿನಲ್ಲಿ ನನ್ನದೇ ಹಳೆಯ ಪತ್ರವೊಂದು ಅಚ್ಚಾಗಿತ್ತು ಎಂದು ಧನ್ಯಾ ಓದಿ ಹೇಳಿದಳು. ಯಾವುದರ ಬಗ್ಗೆ ಎಂದು ಕೇಳಲಿಲ್ಲ. ಸಂಪಾದಕರು ಏಪ್ರಿಲ್ ಮೂರರ ಪತ್ರ ಪೂರ್ತಿ ಹಾಕಿದ್ದಾರೆ ಎಂದು ಸಂಜೆ ಹೆಂಡತಿ ತೋರಿಸಿದಳು. ಆಮೇಲೆ ನೋಡುತ್ತೇನೆ ಎಂದೆ.

ಮೇ ೧೧. ಮಾವಳ್ಳಿಯಿಂದ ಬಂದು

ಮದುವೆ ಚೆನ್ನಾಗಿ ನಡೆಯಿತು. ವರ ಕುಮಟೆ ಕಡೆಯವನು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಾಬ್ಲ ಎಬ್ಬಿಸಿ ಜಗಲಿಗೆ ಕರೆದುಕೊಂಡು ಹೋದ.

ಮೂರೂವರೆಗೆ ಹುಡುಗಿ ಹೊಸಿಲಿಗೆ ಬಂದಳು. ಹೆಂಗಸರು ಸುತ್ತ ನಿಂತರು, ಒಂದು ಹನ್ನೆರಡು ಜನ. ನಾಗು ಹಾಡು ಎತ್ತಿಕೊಟ್ಟಳು, ಉಳಿದವರು ಹಿಡಿದರು. ಹೊಸಿಲಾಗೆ ನಿಂತೀಯ ತಂಗೀ. ದೊಡ್ಡ ದುರ್ಗಿ ಹೋದಾಳು ಕರ್ಕಿಯ ಬಯಲೀಗೆ. ಬಂಗಾರಿಯ ಎಳೆತವೇ ಎಲ್ಲರ ಬಾಯಲ್ಲಿ, ಧ್ವನಿ ಹಾಕಿ ಹಾಕಿ ಕಲಿತಿದ್ದಾರೆ. ಅವಳ ತಂಗೀ... ಎಂದು ಎಳೆದು ನಿಲ್ಲಿಸಿದರು. ನಾನು ನೆಲ ನೋಡಿದೆ.

"ಸಾಕು, ಸಾಕು. ಇದು ಗೇರುಸೊಪ್ಪೆ ಕಡೆ ಸಿಕ್ಕಿದೆ. ಬೇರೆ ಹೇಳು."

ಹನ್ನೆರಡೂ ಜನ, ಒಂದೇ ಉಸಿರಿನಲ್ಲಿ, ನನ್ನ ದನಿಯಲ್ಲಿ. ಮೂಗಿನಿಂದ ಹೇಳುವ ಆ "ಸಾಕು" ಸಹ. ಅಂಗಳ ಪೂರ್ತಿ ನಕ್ಕಿತು. ಗಂಡಿನ ಕಡೆಯವರು ಯಾರು, ಎಂತ ಎಂದು ಕೇಳುತ್ತಿದ್ದರು. ಯಾರೋ ನನ್ನ ಕಡೆ ಬೆರಳು ತೋರಿಸಿದರು. "ಮಾಸ್ತರ್ರೇ, ನೀವೂ ಹಾಡೊಳ್ಗೆ ಬಂದ್ರಲ್ರಾ!" ಎಂದ ಮಾಬ್ಲ. ನಾನೂ ನಕ್ಕೆ ಎಂದು ಕಾಣುತ್ತದೆ.

ನಗು ನಿಂತ ಮೇಲೆ ನಾಗು ಒಬ್ಬಳೇ ಹೇಳಿದಳು.

ಧನ್ಯಾ ಹೋದಾಳು ಕುಮಟೆಯ ಊರೀಗೆ
ಮಡಿಲಾಗೆ ಬದನೆಯ ಬೀಜ.

ಕಾರು ಹೋದ ಮೇಲೆ ನಾಗು ಬಳಿಗೆ ಬಂದಳು. ಕಣ್ಣು ಕೆಂಪಗಿತ್ತು. "ಬೇಜಾರ್ ಮಾಡ್ಕಬ್ಯಾಡಿ. ಧನ್ಯಾನ ಮಗ್ಳ ಮದಿಗೂ ಹಿಂಗೇ ಹೇಳೂದು ಅಂತ ಮಾಡಿದ್ದೋ. ಆ 'ಸಾಕು' ಅನ್ನೂದ್ನೂ ಬಿಡೂಕಿಲ್ಲ."

ಇಷ್ಟಕ್ಕೆ ಬಿಟ್ಟುಬಿಡಿ, ಮುಂದಿನವರಿಗೆ ಅದು ಬೇಡ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಕಾದೆ.

"ಅದ್ನ ಬಿಟ್ರೆ ದುರ್ಗಿ ಆದ್ಮೇಲೆ ಧನ್ಯಾನೇ ಅಂತ ತಿಳ್ಕಂತ್ರು" ಎಂದಳು. "ನಡೂಗೆ ಎಂಟು ಜನ ಇದ್ರು ಅಂತಾದ್ರೂ ಗೊತ್ತಾಗ್ಬೇಕಲ್ರಾ."